ಬೈಯುವವನು ಕಾಯಬಹುದು

ನಮ್ಮ ಮನೆಗೆ ಎರಡು ಮುಂಬಾಗಿಲುಗಳಿದ್ದವು. ಒಂದು ನಮ್ಮದು, ಇನ್ನೊಂದು ಸರ್ಕಾರದ್ದು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯ ಪಕ್ಕದ ಊರೊಂದರಲ್ಲಿ ಅಮ್ಮ ನರ್ಸ್ ಆಗಿದ್ದಳು. ಆ ಊರಿನಲ್ಲಿ ಆಸ್ಪತ್ರೆಯೆಂಬ ಬೇರೆ ಕಟ್ಟಡವಿರಲಿಲ್ಲ. ನಮಗೆ ಕೊಟ್ಟಿದ್ದ ಹೆಂಚಿನ ಮನೆಯ ಮುಂದಿನ ಕೋಣೆಯಲ್ಲೇ ಒಂದು ಕಬ್ಬಿಣದ ಮಂಚ, ಒಂದು ಮರದ ಬೀರು, ಹೊರಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಅಷ್ಟೇ ಊರವರ ಆಸ್ಪತ್ರೆ. ಆ ಕೋಣೆಗೆ ರಸ್ತೆಯ ಕಡೆಗೊಂದು ಬಾಗಿಲು, ನಮ್ಮ ಪಡಸಾಲೆಯ ಕಡೆಗೊಂದು ಬಾಗಿಲು. ಒಳಬಾಗಿಲಿಗೆ ಅಮ್ಮ ತನ್ನ ಹಳೆಯ ಸೀರೆಯ ಪರದೆ ಕಟ್ಟಿದ್ದಳು. ಪರದೆಯ ಆ ಕಡೆ ಡೆಟಾಲು, ಟಿಂಚರು, ಸೀಮೆಎಣ್ಣೆ ಸ್ಟೋವಿನ ಮೇಲೆ ಕುದಿಯುವ ಸೂಜಿಗಳು. ಈ ಕಡೆ ಅಜ್ಜಿಯ ಒಲೆ, ಹುರುಳಿಸಾರಿನ ಒಗ್ಗರಣೆ, ಮುದ್ದೆಯ ಹಬೆ. ಗಾಳಿ ಬೀಸಿದರೆ ಎರಡೂ ವಾಸನೆಗಳು ಕಲೆತು ತಟ್ಟೆಯವರೆಗೆ ಬರುತ್ತಿದ್ದವು. ಇವತ್ತಿಗೂ ಯಾವ ದೇಶದ ಯಾವ ಆಸ್ಪತ್ರೆಗೆ ಕಾಲಿಟ್ಟರೂ ನನಗೆ ಹಸಿವಾಗುತ್ತದೆ.

ಅಜ್ಜಿ ಎಂದರೆ ಅಪ್ಪನ ತಾಯಿ. ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವಳು. ಅವಳ ಕನ್ನಡದಲ್ಲಿ ಅರ್ಧ ತೆಲುಗು. ಕೋಪ ಬಂದರೆ ಪೂರ್ತಿ ತೆಲುಗೇ. ಸೊಸೆಯ ಕೆಲಸ ಅವಳಿಗೆ ಎಂದೂ ಹಿಡಿಸಲಿಲ್ಲ. ಹೆರಿಗೆ ಮಾಡಿಸಿ ಬಂದ ಅಮ್ಮ ಹಿತ್ತಲ ಕಡೆಯಿಂದಲೇ ಬಚ್ಚಲಿಗೆ ಹೋಗಬೇಕು, ಹಂಡೆಯ ನೀರನ್ನು ತಲೆಯ ಮೇಲೆ ಸುರಿದುಕೊಳ್ಳಬೇಕು, ಸೀರೆ ನೆನೆಹಾಕಬೇಕು, ಆಮೇಲೇ ಅಡುಗೆಮನೆಯೊಳಗೆ ಬರಬೇಕು. ಮಾಗಿಯ ಚಳಿಯಲ್ಲಿ ಒಂದೇ ದಿನ ಎರಡು ಹೆರಿಗೆಯಾದರೆ ಎರಡು ಸಲ ತಲೆಸ್ನಾನ. ಅಮ್ಮ ಎದುರಾಡುತ್ತಿರಲಿಲ್ಲ. ಆದರೆ ಸರ್ಕಾರದ ಬಾಗಿಲಿಗೆ ಬಂದವರು ಯಾರ ಮನೆಯವರು, ಯಾವ ಕೇರಿಯವರು ಎಂದು ಒಂದು ದಿನವೂ ಕೇಳಲಿಲ್ಲ. ಬಂದವರನ್ನೆಲ್ಲ ಅದೇ ಮಂಚದ ಮೇಲೆ ಮಲಗಿಸುತ್ತಿದ್ದಳು. ಅವರು ಪರದೆ ದಾಟಿ ಈ ಕಡೆ ಬರದಂತೆ ನೋಡಿಕೊಳ್ಳುವುದು ಅಜ್ಜಿಯ ಹಟ. ಹೀಗೆ ಒಂದೇ ಸೂರಿನ ಕೆಳಗೆ ಎರಡು ಕಾನೂನುಗಳು ನಡೆಯುತ್ತಿದ್ದವು. ಊಟದ ಹೊತ್ತಿಗೆ ಅವೆರಡೂ ಎದುರುಬದುರಾಗುತ್ತಿದ್ದವು.

"ಊರೋರ ನೆತ್ರನೆಲ್ಲ ಮನೆಗ್ಯಾಕೆ ತರ್ತೀಯೇ?"

"ಮನೆಗೆಲ್ಲಿ ತಂದೆ ಅತ್ತೆ? ಮುಂದ್ಲ ರೂಮಲ್ಲೇ ತೊಳ್ಕೊಂಡು ಬಂದಿದ್ದೀನಲ್ಲ."

ಅಪ್ಪ ಮಧುಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವ, ಯಾರ ಬಾಯಿಗೂ ಬೀಳಬಾರದೆಂದು ಬದುಕಿದ ಮನುಷ್ಯ. ಅತ್ತೆ ಸೊಸೆಯರ ಮಾತು ಜೋರಾದರೆ ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗಿ ಕೂರುತ್ತಿದ್ದ.

ಮನೆಯ ಐದನೆಯವನು ನಾಗಮಾವ, ಅಮ್ಮನ ತಮ್ಮ. ಅವನಿಗೆ ಮೀಸೆ ಬರುವ ಮುಂಚೆಯೇ ಅಮ್ಮನ ತಂದೆ ತಾಯಿ ತೀರಿಕೊಂಡಿದ್ದರು. ಅಮ್ಮ ಮದುವೆಯಾಗಿ ಬರುವಾಗ ಅವನನ್ನೂ ಕರೆದುಕೊಂಡೇ ಬಂದಿದ್ದಳು. ಅಜ್ಜಿ ಗೊಣಗಿದರೂ ಅವನ ಮುದ್ದೆಗೆ ಮಾತ್ರ ಒಂದು ಚಮಚ ತುಪ್ಪ ಜಾಸ್ತಿ ಹಾಕುತ್ತಿದ್ದಳು. ಕೈಯಲ್ಲಿ ಕಸುಬಿದ್ದವನು, ಯಾರ ಸೈಕಲ್ ಕೆಟ್ಟರೂ ನಮ್ಮ ಜಗಲಿಗೇ ಬರುತ್ತಿತ್ತು. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆಂದು ತೋರಿಸುವುದು ನನ್ನ ಪಾಲಿನ ಕೆಲಸ. ಶಾಲೆಯಲ್ಲಿ ಯಾರಾದರೂ ನನ್ನ ಜಡೆ ಎಳೆದರೆ ಅವರ ಮನೆಯ ಮುಂದೆ ಹೋಗಿ ನಿಲ್ಲುತ್ತಿದ್ದವನು ಅವನೇ. ಮುಂಗೋಪ ಬಹಳ, ಆದರೆ ಬೇಗ ಇಳಿಯುತ್ತಿತ್ತು. ಆ ವರ್ಷ ಅವನು ಬೇರೆಯವರ ಹೊಲವೊಂದನ್ನು ವಾರಕ್ಕೆ, ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಹಿಡಿದು ಕಡಲೆಕಾಯಿ ಬಿತ್ತಿದ್ದ. ಅದು ಅವನದೇ ಆದ ಮೊದಲ ಬೆಳೆ. ಸಂಜೆಯಾದರೆ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಎಳೆಯ ಕಾಯಿ ಸುಲಿದು ನನ್ನ ಬಾಯಿಗೆ ಹಾಕುತ್ತಿದ್ದ.

ದಸರಾ ರಜೆಯಲ್ಲಿ, ಇನ್ನೇನು ಕಡಲೆಕಾಯಿ ಕೀಳಬೇಕು ಎನ್ನುವಾಗ, ಒಂದು ಬೆಳಿಗ್ಗೆ ಕುರಿಮಂದೆ ಅವನ ಹೊಲಕ್ಕೆ ನುಗ್ಗಿತು. ಊರಾಚೆಯ ಹಟ್ಟಿಯ ಕುರಿಗಾಹಿಗಳದು. ಮಾವ ಹೋಗಿ ನೋಡುವ ಹೊತ್ತಿಗೆ ಹೊಲದ ಅರ್ಧ ಬೋಳಾಗಿತ್ತು. ಅವನೂ ಅಕ್ಕಪಕ್ಕದ ಹೊಲದವರೂ ಸೇರಿ ಮಂದೆಯನ್ನು ಹೊಡೆದುಕೊಂಡು ಬಂದು ಕೆರೆಯ ಪಕ್ಕದ ದೊಡ್ಡಿಗೆ ಕೂಡಿದರು. ಮಧ್ಯಾಹ್ನ ಹಟ್ಟಿಯವರು ಕುರಿ ಬಿಡಿಸಿಕೊಳ್ಳಲು ಬಂದರು. ಮೊದಲು ಮಾತು, ಆಮೇಲೆ ಬೈಗುಳ, ಆಮೇಲೆ ದೊಣ್ಣೆ. ಅಮ್ಮ ಆಗ ಮುಂದಿನ ಕೋಣೆಯಲ್ಲಿ ಕೂಸೊಂದಕ್ಕೆ ಔಷಧಿ ಕುಡಿಸುತ್ತಿದ್ದಳು. ಕೆರೆಯ ಕಡೆಯಿಂದ ಗದ್ದಲ ಕೇಳಿಸಿದ್ದೇ ಅವಳು ಸ್ಟೋವಿಗೆ ಗಾಳಿ ಹೊಡೆದು ನೀರಿಟ್ಟಳು.

ಮೊದಲು ಬಂದವನು ನಾಗಮಾವ. ಇಬ್ಬರು ಗೆಳೆಯರು ಹಿಡಿದುಕೊಂಡಿದ್ದರು. ತಲೆ ಒಡೆದು ಮುಖವೆಲ್ಲ ಕೆಂಪು, ಕಣ್ಣು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ನಾನು ಕಿರುಚಿದೆ. ಅಮ್ಮ ಅವನನ್ನು ಮಂಚದ ಮೇಲೆ ಕೂರಿಸಿ, ಕೂದಲು ಸರಿಸಿ ಗಾಯ ನೋಡಿ, ಬಟ್ಟೆ ಒತ್ತಿದಳು. ಅಷ್ಟರಲ್ಲಿ ರಸ್ತೆಯಲ್ಲಿ ಇನ್ನೊಂದು ಗುಂಪು ಬಂತು. ಕಂಬಳಿಯ ನಾಲ್ಕು ಮೂಲೆ ಹಿಡಿದು ಯಾರನ್ನೋ ಹೊತ್ತು ತಂದಿದ್ದರು. ಹಿಂದೆ ಒಬ್ಬ ಹೆಂಗಸು ಓಡಿಬರುತ್ತಿದ್ದಳು. ಅವರು ನಮ್ಮ ಬಾಗಿಲವರೆಗೆ ಬರಲು ಧೈರ್ಯವಾಗದೆ ರಸ್ತೆಯಾಚೆಯ ಹೊಂಗೆಮರದ ಕೆಳಗೇ ನಿಂತರು. ಅಮ್ಮ ಬಾಗಿಲಿಗೆ ಹೋಗಿ ನೋಡಿದಳು. ಕಂಬಳಿಯಲ್ಲಿದ್ದವನ ತೊಡೆಗೆ ಕುಡುಗೋಲಿನ ಏಟು ಬಿದ್ದಿತ್ತು. ಕಂಬಳಿಯ ತುದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಅಲ್ಯಾಕೆ ನಿಂತಿದ್ದೀರಿ? ಒಳಗೆ ತನ್ನಿ," ಎಂದಳು ಅಮ್ಮ.

ನಮ್ಮ ಊರಿನವರು ಬಾಗಿಲಿಗೆ ಅಡ್ಡ ನಿಂತರು. ಮುಂದೆ ನಿಂತಿದ್ದವರು ಪಂಚಾಯ್ತಿಯ ಛೇರ್ಮನ್ನರು.

"ನರ್ಸಮ್ಮ, ನಿನ್ನ ತಮ್ಮನ ತಲೆ ಒಡ್ದೋನು ಅವ್ನೇ ಕಣಮ್ಮ. ಚಿತ್ತಣ್ಣ ಅಂತ. ಅವ್ನ ಒಳಿಕ್ಕೆ ಬುಟ್ಕೋಬ್ಯಾಡ."

"ಜಾಗ ಬಿಡಿ ಛೇರ್ಮನ್ರೇ."

"ಮೊದ್ಲು ನಮ್ಮುಡುಗುನ್ನ ನೋಡು. ಆಮ್ಯಾಕೆ ಬೇಕಾರೆ ಅವ್ನ ನೋಡೀವಂತೆ."

"ಆಮೇಲೆ ನೋಡೋಕೆ ಅವ್ನು ಇರಲ್ಲ. ದೊಣ್ಣೆ ಹಿಡ್ಕೊಂಡೋರು ಯಾರೂ ಈ ಬಾಗ್ಲಲ್ಲಿ ನಿಲ್ಬೇಡಿ. ಎರಡು ಕಡೆಯೋರ್ಗೂ ಹೇಳ್ತಿದ್ದೀನಿ."

ಅಮ್ಮ ಕೂಗಿ ಮಾತಾಡಿದವಳಲ್ಲ. ಆವತ್ತೂ ಕೂಗಲಿಲ್ಲ. ನೇರವಾಗಿ ಜನರ ನಡುವೆ ನಡೆದುಹೋಗಿ, ಕಂಬಳಿಯ ಒಂದು ಮೂಲೆಯನ್ನು ತಾನೇ ಹಿಡಿದುಕೊಂಡು ಬಂದಳು. ಸರ್ಕಾರದ ಬಿಳಿ ಸೀರೆಯುಟ್ಟ ಹೆಂಗಸನ್ನು ಮುಟ್ಟಿ ತಡೆಯಲು ಯಾರಿಗೂ ಕೈ ಬರಲಿಲ್ಲ. ಒಳಗೆ ಬಂದವಳೇ ಮಂಚದ ಹತ್ತಿರ ನಿಂತಳು.

"ನಾಗ, ಏಳು. ಕೆಳಗೆ ಕೂತ್ಕೊ."

ಮಾವ ಅವಳನ್ನೇ ನೋಡಿದ. "ನನ್ನ ಎಬ್ಬಿಸ್ತೀಯಾ ಅಕ್ಕ? ಅವ್ನಿಗೋಸ್ಕರ?"

"ಏಳಪ್ಪ, ಹೊತ್ತಿಲ್ಲ."

ಅವನು ಎದ್ದು ಗೋಡೆಗೊರಗಿ ನೆಲದ ಮೇಲೆ ಕೂತ. ಅಮ್ಮ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಸುಶಿ, ಮಾವನ ತಲೆಗೆ ಇದನ್ನ ಒತ್ತಿ ಹಿಡ್ಕೊ. ನಾನು ಹೇಳೋವರ್ಗೂ ಕೈ ತೆಗೀಬೇಡ," ಎಂದಳು. ನಾನು ಹಿಡಿದುಕೊಂಡೆ. ಬೆರಳ ಸಂದಿಯಲ್ಲಿ ರಕ್ತ ಬೆಚ್ಚಗೆ ಇಳಿಯುತ್ತಿತ್ತು. ಮಾವ ಚಿತ್ತಣ್ಣನನ್ನು, ಅವನ ಕುರಿಗಳನ್ನು, ಅವನ ವಂಶವನ್ನೆಲ್ಲ ಬೈಯತೊಡಗಿದ. ಅವನ ಬೈಗುಳ ನಿಂತರೆ ಏನಾಗಿಬಿಡುತ್ತದೋ ಎಂದು ನನಗೆ ಭಯ. ಅಮ್ಮ ನಮಗೆ ಬೆನ್ನು ಹಾಕಿ ಇನ್ನೊಬ್ಬನ ತೊಡೆ ಬಿಗಿಯುತ್ತಿದ್ದಳು. ನನಗೆ ಅವಳ ಮೇಲೆ ಬಂದಂಥ ಸಿಟ್ಟು ಅದಕ್ಕೆ ಮೊದಲು ಯಾರ ಮೇಲೂ ಬಂದಿರಲಿಲ್ಲ.

"ಅಮ್ಮಾ, ಮಾವನ್ನ ಮೊದ್ಲು ನೋಡು! ಮಾವ ನಮ್ಮೋನು!"

ಅವಳು ತಿರುಗಲಿಲ್ಲ. "ಮಾವ ಬೈತಿದ್ದಾನಲ್ಲ? ಬೈಯೋಕೆ ಅವ್ನಲ್ಲಿ ಉಸ್ರೈತೆ ಕಣೇ. ಅವ್ನು ಕಾಯ್ಬೋದು. ಇವ್ನ ಬಾಯಿಂದ ಒಂದು ಮಾತೂ ಬರ್ತಿಲ್ಲ ನೋಡು."

ನೋಡಿದೆ. ಚಿತ್ತಣ್ಣನಿಗೆ ಮಾವನಷ್ಟೇ ವಯಸ್ಸು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನು ಹೆಂಚನ್ನು ನೋಡುತ್ತಾ ಸುಮ್ಮನೆ ಮಲಗಿದ್ದ. ಅವನಿಗೂ ಭಯವಾಗಿದೆ ಎಂದು ನನಗೆ ಆಗ ಹೊಳೆಯಿತು. ಸಿಟ್ಟೇನೂ ಹೋಗಲಿಲ್ಲ. ಆದರೆ ಮತ್ತೆ ಕೂಗಲಿಲ್ಲ.

ಅಜ್ಜಿ ಪರದೆಯ ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಈಗ ಬೈಯುತ್ತಾಳೆ, ಈಗ ಬೈಯುತ್ತಾಳೆ ಎಂದುಕೊಂಡೆ. ಹೊರಗೆ ಹೊಂಗೆಮರದ ಕೆಳಗೆ ಚಿತ್ತಣ್ಣನ ತಾಯಿ ಕರಿಯಮ್ಮ ನೆಲಕ್ಕೆ ಕೈ ಬಡಿಯುತ್ತಾ ಅಳುತ್ತಿದ್ದಳು. ಒಳಗೆ ಬರಲು ಅವಳನ್ನು ಯಾರೂ ಕರೆದಿರಲಿಲ್ಲ. "ನಾ ಬಿಡ್ಡ, ನಾ ಬಿಡ್ಡ" ಎನ್ನುತ್ತಿದ್ದಳು. ನನ್ನ ಮಗ, ನನ್ನ ಮಗ ಎಂದು. ನಮ್ಮ ಊರಿನಲ್ಲಿ ಅಜ್ಜಿಯ ತೆಲುಗನ್ನು ಅಣಕಿಸದವರಿರಲಿಲ್ಲ. ನಾನೂ ಮಾವನೂ ಅದರಲ್ಲಿ ಮುಂದು. ಆ ತೆಲುಗು ಇನ್ನೊಬ್ಬಳ ಬಾಯಿಂದ ಬಂದದ್ದು ಕೇಳಿ ಅಜ್ಜಿ ಪರದೆ ಬಿಟ್ಟು ಹೊರಟಳು. ಒಂದು ಚೊಂಬು ನೀರು ಹಿಡಿದು, ಛೇರ್ಮನ್ನರ ಪಕ್ಕದಲ್ಲೇ ಹಾದು, ರಸ್ತೆ ದಾಟಿದಳು.

"ಏಡವೊದ್ದಮ್ಮಾ. ಮಾ ಇಂಟಿಕಿ ರಾ."

ಅಳಬೇಡ, ನಮ್ಮ ಮನೆಗೆ ಬಾ. ಕೈ ಹಿಡಿದು ಎಬ್ಬಿಸಿ ಕರೆತಂದಳು. ಅದೂ ಆಸ್ಪತ್ರೆಯ ಬಾಗಿಲಿನಿಂದಲ್ಲ, ನಮ್ಮ ಬಾಗಿಲಿನಿಂದ. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿ, ಪರದೆಯನ್ನು ಪಕ್ಕಕ್ಕೆ ಸರಿಸಿದಳು. ತಾಯಿಗೆ ಮಗ ಕಾಣುವಷ್ಟು.

ಚಿತ್ತಣ್ಣನ ರಕ್ತ ಹತೋಟಿಗೆ ಬಂದಮೇಲೆ ಅಮ್ಮ ಮಾವನ ತಲೆಗೆ ಹೊಲಿಗೆ ಹಾಕಿದಳು. ಮಾವ ಮುಖ ತಿರುಗಿಸಿಕೊಂಡಿದ್ದ. ಇಬ್ಬರನ್ನೂ ಮಧುಗಿರಿಯ ದೊಡ್ಡಾಸ್ಪತ್ರೆಗೆ ಸಾಗಿಸಬೇಕಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅದೃಷ್ಟಕ್ಕೆ ಪಾವಗಡದ ಕಡೆಯಿಂದ ಕಡಲೆಕಾಯಿ ತುಂಬಿಕೊಂಡು ಶಿರಾಕ್ಕೆ ಹೋಗುವ ಲಾರಿಯೊಂದು ಬಂತು. ಅಮ್ಮ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದಳು. ಡ್ರೈವರು ಶಿರಾದ ಸಾಬರು, ಗಡ್ಡ ನೆರೆತವರು.

"ಅರೆ, ಜಲ್ದಿ ಎತ್ತಿಸಮ್ಮಾ. ಮೂಟೆ ಮ್ಯಾಲೆ ಮಲಗ್ಸಿ. ನಾನು ನಿಧಾನಕ್ಕೆ ಹೊಡೀತೀನಿ."

"ಇಬ್ರುನ್ನೂ ಒಂದೇ ಲಾರಿಗಾ?" ಎಂದರು ಛೇರ್ಮನ್ನರು.

"ಇರೋದೊಂದೇ ಲಾರಿ," ಎಂದಳು ಅಮ್ಮ.

"ನೋಡ್ತೀನಿ ನರ್ಸಮ್ಮ, ನೀನು ಈ ಊರಲ್ಲಿ ಹೆಂಗಿರ್ತೀಯಾ ಅಂತ."

ಅಮ್ಮ ಸೆರಗು ಸಿಕ್ಕಿಸಿಕೊಂಡು ಮೂಟೆಗಳ ಮೇಲೆ ಹತ್ತಿ, ತಮ್ಮನಿಗೂ ಅವನ ತಲೆ ಒಡೆದವನಿಗೂ ನಡುವೆ ಕೂತಳು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಅಜ್ಜಿಯ ಸೀರೆ ಹಿಡಿದು ನಿಂತಿದ್ದೆ.

ಮಾರನೆಯ ದಿನ ಅಪ್ಪನೂ ಅಮ್ಮನೂ ಆಸ್ಪತ್ರೆಯಿಂದ ಒಟ್ಟಿಗೆ ಬಂದರು. ಇಬ್ಬರ ಜೀವಕ್ಕೂ ಅಪಾಯವಿಲ್ಲವೆಂದು ಡಾಕ್ಟರು ಹೇಳಿದ್ದರು. ಅಪ್ಪ ಜೋರಾಗಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆವತ್ತು. ತಟ್ಟೆ ಎತ್ತಿಕೊಂಡು ಜಗಲಿಗೂ ಹೋಗಲಿಲ್ಲ.

"ತಮ್ಮನ್ನ ಮೊದ್ಲು ನೋಡಿದ್ರೆ ನಿನ್ನ ಯಾರೂ ತಪ್ಪು ಅಂತಿರ್ಲಿಲ್ಲ."

"ಆ ಹುಡುಗ ಸತ್ತೋಗಿದ್ರೆ?"

"ಆಗ್ಲೂ ಯಾರೂ ತಪ್ಪು ಅಂತಿರ್ಲಿಲ್ಲ."

"ಅದೇ ರೀ ನಂಗೆ ಹೆದ್ರಿಕೆ ಆಗಿದ್ದು," ಎಂದಳು ಅಮ್ಮ.

ಈ ಮಾತಿನ ತೂಕ ನನಗೆ ಗೊತ್ತಾಗಲು ಎಷ್ಟೋ ಕಾಲ ಬೇಕಾಯಿತು. ನಾನು ಮುಂದೆ ಯುದ್ಧಕಾಲದ ಕಾನೂನು ಕಲಿಸುವವಳಾದೆ. ಯುದ್ಧಕ್ಕೂ ಕಾನೂನಿದೆಯೇ ಎಂದು ಜನ ನನ್ನನ್ನು ಕೇಳುತ್ತಾರೆ. ಕೆಲವರು ನಗುತ್ತಾರೆ. ಇದೆ. ಗಾಯಗೊಂಡವನು ಯಾವ ಕಡೆಯವನೇ ಆಗಲಿ ಆರೈಕೆ ಮಾಡಬೇಕು, ಯಾರನ್ನು ಮೊದಲು ನೋಡಬೇಕೆಂಬುದನ್ನು ಗಾಯದ ತುರ್ತೊಂದೇ ತೀರ್ಮಾನಿಸಬೇಕು ಎಂದು ದೇಶದೇಶಗಳು ಕೂತು ಒಪ್ಪಿಕೊಂಡಿವೆ. ನಾನು ಬದುಕಿನ ಬಹುಪಾಲನ್ನು ಇದನ್ನು ಪಾಠ ಹೇಳುವುದರಲ್ಲಿ, ಇದನ್ನು ಮುರಿದವರ ಬಗ್ಗೆ ಬರೆಯುವುದರಲ್ಲಿ ಕಳೆದೆ. ಒಮ್ಮೆ ಹೊರದೇಶದ ತರಗತಿಯಲ್ಲಿ ಸೈನ್ಯದ ಡಾಕ್ಟರೊಬ್ಬ ಎದ್ದುನಿಂತು, ಪಕ್ಕದಲ್ಲಿ ನನ್ನ ಸ್ವಂತ ತಮ್ಮನೇ ಬಿದ್ದಿದ್ದರೆ ಏನು ಮಾಡಲಿ ಎಂದು ಕೇಳಿದ. ಆ ಪಾಠದಲ್ಲಿ ನನಗೆ ಉತ್ತರ ಬಾಯಿಪಾಠವಾಗಿರದ ಪ್ರಶ್ನೆಯೇ ಇರಲಿಲ್ಲ. ಇದಕ್ಕೆ ಮಾತ್ರ ಪುಸ್ತಕ ಮುಚ್ಚಿಟ್ಟು ನಮ್ಮ ಮನೆಯ ಕಥೆ ಹೇಳಿದೆ. ಇಡೀ ಕಥೆ ಹೇಳಿದೆ, ಅಮ್ಮ ತೆತ್ತದ್ದನ್ನೂ ಸೇರಿಸಿ.

ಅಮ್ಮ ತೆತ್ತದ್ದು ಕಡಿಮೆಯಲ್ಲ. ನಾಗಮಾವ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಗೆಳೆಯನ ಕೈಲಿ ಬಟ್ಟೆ ತರಿಸಿಕೊಂಡು ಅಲ್ಲಿಂದಲೇ ಶಿರಾಕ್ಕೆ ಹೋಗಿ ಒಂದು ಸೈಕಲ್ ಶಾಪಿನಲ್ಲಿ ಕೆಲಸಕ್ಕೆ ಸೇರಿದ. ಊರಿನ ಹೆಂಗಸರು ನಮ್ಮ ಬಾಗಿಲು ತುಳಿಯುವುದನ್ನು ಬಿಟ್ಟರು. ಹಾಲು ಹಾಕುವವರು ಹಾಲು ನಿಲ್ಲಿಸಿದರು. ಅದೇ ಕಾಲಕ್ಕೆ ಎಂದೂ ನಮ್ಮ ಕಡೆ ಸುಳಿಯದಿದ್ದ ಹಟ್ಟಿಯ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಮೊದಲ ಬಸುರಿಯನ್ನು ಕೈ ಹಿಡಿದು ತಂದವಳು ಕರಿಯಮ್ಮ. ಚಿತ್ತಣ್ಣ ಕೊಂಚ ಕುಂಟುತ್ತಾ ಹಿಂದೆ ಬಂದು, ಅಮ್ಮನ ಮುಖ ನೋಡದೆ ಜಗಲಿಯಲ್ಲಿ ಕೂತಿದ್ದ. ಎರಡು ಕಡೆಯವರೂ ಆಮೇಲೆ ರಾಜಿಯಾದರು. ಅಷ್ಟರಲ್ಲಿ ಛೇರ್ಮನ್ನರು ನುಡಿದಂತೆ ನಡೆದುಕೊಂಡಿದ್ದರು. ಅಮ್ಮನಿಗೆ ಬುಕ್ಕಾಪಟ್ಟಣಕ್ಕೆ ವರ್ಗವಾಯಿತು. ಗಾಡಿಗೆ ಸಾಮಾನು ಹೇರುವಾಗ ಊರಿನ ನಾಲ್ಕಾರು ಹೆಂಗಸರು ಬಂದು ಸುಮ್ಮನೆ ಪಾತ್ರೆ ಎತ್ತಿಕೊಟ್ಟರು. ಅವರಲ್ಲೊಬ್ಬಳು ಛೇರ್ಮನ್ನರ ಸೊಸೆ. ಅವಳ ಎರಡೂ ಹೆರಿಗೆ ಮಾಡಿಸಿದವಳು ಅಮ್ಮ.

ಬುಕ್ಕಾಪಟ್ಟಣದ ಮನೆಗೆ ಒಂದೇ ಮುಂಬಾಗಿಲು. ಆಸ್ಪತ್ರೆ ಬೇರೆ ಕಡೆಗಿತ್ತು. ಅಜ್ಜಿಗೆ ಕಾಯಲು ಪರದೆಯಿರಲಿಲ್ಲ. ಆ ಪುರುಸೊತ್ತಿನಲ್ಲಿ ಅವಳು ಸೊಸೆಯನ್ನು ಗಮನಿಸತೊಡಗಿದಳು ಎಂದು ಕಾಣುತ್ತದೆ. ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಶಿರಾಕ್ಕೆ ಹೋದಳು. ಹಳೆಯ ಮಸೀದಿಯ ಹತ್ತಿರ ಅವರಿವರನ್ನು ಕೇಳಿಕೊಂಡು ಸೈಕಲ್ ಶಾಪು ಪತ್ತೆಮಾಡಿ, ಅದರ ಮುಂದೆ ನಿಂತಳಂತೆ. ಇದನ್ನು ನಮಗೆ ಹೇಳಿದವನು ಮಾವನೇ.

"ಏಮಿರಾ ನಾಗಾ, ನಿನ್ನ ಅಕ್ಕ ದಿನಾಲೂ ಒಂದು ಮುದ್ದೆ ಜಾಸ್ತಿ ಕಟ್ತಾಳೆ. ಆಮ್ಯಾಕೆ ಅದನ್ನ ನೋಡ್ತಾ ಕೂರ್ತಾಳೆ. ನನ್ನ ಕಣ್ಣಲ್ಲಿ ನೋಡಕ್ಕಾಗಲ್ಲ. ನಡಿ ಮನೆಗೆ."

ಸಂಜೆಯ ಬಸ್ಸಿನಿಂದ ಅಜ್ಜಿಯ ಹಿಂದೆ ಮಾವ ಇಳಿದ. ಅಮ್ಮ ಒಲೆಯ ಮುಂದಿದ್ದಳು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹಸಿವಾಗ್ತೈತೆ ಅಕ್ಕ," ಎಂದ. ಅವಳು ತಟ್ಟೆ ಹಾಕಿದಳು. ಆವತ್ತಿನ ಬಗ್ಗೆ ಇಬ್ಬರೂ ಒಂದು ಮಾತೂ ಎತ್ತಲಿಲ್ಲ. ಮುಂದೆ ಅವನು ಶಿರಾದಲ್ಲಿ ಸ್ವಂತ ಶಾಪು ಹಾಕಿದ, ಮದುವೆಯಾದ, ಹಬ್ಬಕ್ಕೂ ಹುಣ್ಣಿಮೆಗೂ ಬಂದುಹೋಗುತ್ತಿದ್ದ. ಆ ಮಾತು ಎತ್ತದೆಯೇ ಎಷ್ಟೋ ವರ್ಷ ನಡೆದುಹೋಯಿತು.

ನನ್ನ ಡಿಗ್ರಿ ಮುಗಿದ ವರ್ಷ ಅದು ಮೇಲೆದ್ದಿತು. ನಾನು ಲಾ ಓದುತ್ತೇನೆಂದೆ. ಅಪ್ಪ ಬೇಡವೆಂದ. ಬಿ.ಎಡ್. ಮಾಡಲಿ, ಟೀಚರಾಗಲಿ, ಗೌರವದ ಕೆಲಸ; ಕೋರ್ಟಿನ ಮೆಟ್ಟಿಲು ಹತ್ತಿದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದ. ದಿನವೂ ಊಟಕ್ಕೆ ಕೂತಾಗ ಇದೇ ಜಗಳ. ಅಮ್ಮ ನನ್ನ ಪರವಾಗಿ ಒಂದು ಮಾತಾಡಿದರೆ ಅಪ್ಪ, "ನಿನ್ನ ಹಟವೇ ಇದಕ್ಕೂ ಬಂದೈತೆ. ನ್ಯಾಯ ಅಂತ ಹೋಗಿ ನೀನು ಪಟ್ಟದ್ದು ಸಾಲದಾ?" ಎನ್ನುತ್ತಿದ್ದ. ಅವನು ಹಾಗೆಂದ ಒಂದು ಸಂಜೆ ನಾಗಮಾವನೂ ಪಂಕ್ತಿಯಲ್ಲಿದ್ದ. ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಕೂದಲ ನಡುವೆ ಹೊಲಿಗೆಯ ಗುರುತು ಇನ್ನೂ ಕಾಣುತ್ತಿತ್ತು.

"ಬಾವ, ಒಂದು ಮಾತೇಳ್ತೀನಿ, ಕ್ವಾಪ ಮಾಡ್ಕೋಬ್ಯಾಡಿ. ಅವತ್ತು ಅಕ್ಕ ನನ್ನ ಎಬ್ಬಿಸಿ ನೆಲದ ಮ್ಯಾಲೆ ಕೂರ್ಸಿದ್ಲು. ಅದು ನಂಗೆ ಈವತ್ತಿಗೂ ನೋಯ್ತೈತೆ. ಸುಳ್ಳೇಳಲ್ಲ."

ಅಮ್ಮನ ಕೈಯಲ್ಲಿ ಸಾರಿನ ಸೌಟು ಹಾಗೇ ಇತ್ತು.

"ಅಕ್ಕನ ಜಾಗದಾಗೆ ನಾನಿದ್ದಿದ್ರೆ ನಮ್ಮೋರನ್ನೇ ಮೊದ್ಲು ನೋಡ್ತಿದ್ದೆ. ಆ ಚಿತ್ತಣ್ಣ ಸತ್ತೋಗೋನು. ಹಟ್ಟಿಯೋರು ನಮ್ಮಲ್ಲೊಬ್ಬುನ್ನ ಕಡಿಯೋರು, ನಾವು ಅವ್ರಲ್ಲೊಬ್ಬುನ್ನ. ಲೋಕದಾಗೆ ನನ್ನಂಥೋರೇ ಜಾಸ್ತಿ ಬಾವ. ಅಕ್ಕನಂಥೋರು ಎಲ್ಲ ಕಡೆ ಇರಕಾಯ್ತದಾ? ಇರಲ್ಲ. ಅದ್ಕೇ ಕಾನೂನು ಅನ್ನೋದು ಬೇಕು. ಈ ಹುಡುಗಿ ಓದ್ಲಿ ಬುಡಿ."

ಅಪ್ಪ ತಟ್ಟೆಯಲ್ಲಿದ್ದುದನ್ನು ಉಂಡು ಮುಗಿಸಿದ. ಆಮೇಲೆ ಕೈ ತೊಳೆಯಲು ಎದ್ದವನು ಬಚ್ಚಲ ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಕೇಳಿದ:

"ತುಮಕೂರಿಗೆ ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ?"

"ನಾನೇ ಕರ್ಕೊಂಡೋಗ್ತೀನಿ ಬುಡಿ," ಎಂದ ಮಾವ.

ಆ ಬೆಳಿಗ್ಗೆ ತುಮಕೂರಿನ ಲಾ ಕಾಲೇಜಿನ ಕಚೇರಿಯ ಮುಂದೆ ಕೋಟು ಹಾಕಿದ ಅಪ್ಪಂದಿರು, ಇಸ್ತ್ರಿ ಮಾಡಿದ ಅಂಗಿಯ ಹುಡುಗರು ತುಂಬಿದ್ದರು. ಹುಡುಗಿಯರು ಅಲ್ಲೊಬ್ಬರು ಇಲ್ಲೊಬ್ಬರು. ಮಾವ ಎಷ್ಟು ತೊಳೆದರೂ ಅವನ ಉಗುರಿನ ಗ್ರೀಸು ಹೋಗಿರಲಿಲ್ಲ. ಅವನು ಕೈಗಳನ್ನು ಪಂಚೆಯ ಮಡಿಕೆಯಲ್ಲಿ ಮರೆಮಾಡಿಕೊಂಡು ಬೇವಿನ ಮರದ ಕೆಳಗೆ ನಿಂತ. ನನ್ನ ಹೆಸರು ಕೂಗಿದರು, ಒಳಗೆ ಹೋದೆ. ಸಹಿ ಮಾಡಿ ಹೊರಗೆ ಬರುವಾಗ ಅವನು ಗುರುತಿಲ್ಲದ ಕೋಟಿನವರೊಬ್ಬರನ್ನು ಹಿಡಿದು ನಿಲ್ಲಿಸಿಕೊಂಡಿದ್ದ. ಎರಡೂ ಕೈ ಆಡಿಸುತ್ತಾ, ಅಂಗಳಕ್ಕೆಲ್ಲ ಕೇಳುವಂತೆ ಹೇಳುತ್ತಿದ್ದ:

"ಅಗಾ, ಬಂದ್ಲಲ್ಲ, ಅವ್ಳೇ. ನಮ್ಮಕ್ಕನ ಮಗ್ಳು ಸಾ. ಲಾಯರ್ ಆಯ್ತಾಳೆ."